ಕಾಕನ ಕೈಗೆ ಒಗ್ಗಿದ ತಾಳ

ವರ್ಷಕ್ಕೊಮ್ಮೆ ನನಗೆ ಬೈಗುಳ ತಪ್ಪಿದ್ದಲ್ಲ. ದೋಹಾದಲ್ಲಿರುವ ನಮ್ಮ ಊರಿನವರ ಸಂಘದ ಕ್ರೀಡಾದಿನ ಮುಗಿದು, ಬಿರಿಯಾನಿ ಪೊಟ್ಟಣಕ್ಕೆ ಸಾಲು ನಿಂತಾಗ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ: "ಅಕ್ಕ, ಈ ಸಲವೂ ಅದೇ ಹುಲಿವೇಷದ ತಾಸೆ ಪೆಟ್ಟಾ? ಹೊಸತು ಎಂತದೂ ಇಲ್ವಾ?" ಹೀಗೆ ಕೇಳುವವರು ಅರ್ಧ ಗಂಟೆ ಮೊದಲು ಅದೇ ತಾಸೆ ಡೋಲಿನ ಸದ್ದಿಗೆ ಕುರ್ಚಿ ಹತ್ತಿ ಸಿಳ್ಳೆ ಹಾಕಿದವರೇ ಆಗಿರುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ, "ನಿಮ್ಮ ಮನೆಯಲ್ಲಿ ದಿನಾ ಅದೇ ಅನ್ನ ತಾನೇ ಉಣ್ಣುದು?" ಎಂದು ಕೇಳಿ ಮುಂದೆ ಹೋಗುತ್ತೇನೆ.

ನಾನು ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟ್. ಹೈಸ್ಕೂಲಿನಲ್ಲಿ ಮೂರು ವರ್ಷ ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದ್ದೆ ಎಂಬ ಒಂದೇ ಅರ್ಹತೆಯ ಮೇಲೆ ಸಂಘದ ಡ್ರಮ್ ತಂಡ ನನ್ನ ತಲೆಗೆ ಬಂತು. ಇಪ್ಪತ್ತೆರಡು ಜನ ಇದ್ದೇವೆ. ಡ್ರೈವರು, ನರ್ಸು, ಡ್ರಾಫ್ಟ್ಸ್‌ಮನ್, ಮನೆಯಲ್ಲೇ ಇರುವ ಹೆಂಗಸರು, ಯಾರಿಗೂ ಸ್ವರ ಬರೆದದ್ದು ಓದಲು ಬರುವುದಿಲ್ಲ. ಮೊದಲು ಧ್ವಜದ ಹಿಂದೆ ಸಾಲಾಗಿ ಬಾರಿಸುತ್ತಾ ಹೋದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಆಮೇಲೆ ಯಾರೋ ಅಮೆರಿಕದ ಡ್ರಮ್ ಕೋರ್ ತಂಡಗಳ ವಿಡಿಯೊ ಕಳಿಸಿದರು. ಅಷ್ಟು ಜನ ಮೈದಾನದ ತುಂಬ ಹರಡಿ, ಬಾರಿಸುತ್ತಲೇ ವೃತ್ತವಾಗಿ, ನಕ್ಷತ್ರವಾಗಿ, ಮತ್ತೆ ಗೆರೆಯಾಗಿ ಬದಲಾಗುವುದನ್ನು ಕಂಡು ನನಗೆ ಹುಚ್ಚೇ ಹಿಡಿಯಿತು. ನಾವೂ ಒಂಬತ್ತು ನಿಮಿಷದ ಶೋ ಮಾಡುವ ಎಂದು ಹೊರಟೆ.

ಆ ವಿಡಿಯೊಗಳನ್ನು ನೋಡಿ ನೋಡಿ ನಾನು ಕಲಿತದ್ದು ಒಂದೇ ವಿಷಯ. ಅಷ್ಟು ದೊಡ್ಡ ತಂಡಗಳೂ ಜನರಿಗೆ ಗೊತ್ತಿರುವುದನ್ನೇ ಮತ್ತೆ ಮತ್ತೆ ಹಾಕುತ್ತವೆ. ಆದರೆ ಎತ್ತಿ ಬಡಿಸುವ ರೀತಿ ಬೇರೆ. ಗೊತ್ತಿರುವುದನ್ನು ಮೊದಲೇ ಪೂರ್ತಿ ಕೊಟ್ಟರೆ ಜನ ಫೋನು ನೋಡಲು ಶುರು ಮಾಡುತ್ತಾರೆ. ಒಂದು ತುಂಡು ಇಲ್ಲಿ, ಒಂದು ತುಂಡು ಅಲ್ಲಿ, ನಿಧಾನವಾಗಿ, ಬೇರೆ ವಾದ್ಯದಲ್ಲಿ ಕೇಳಿಸಬೇಕು. ಒಗ್ಗರಣೆಯ ಪರಿಮಳ ಚಾವಡಿಗೆ ಮೊದಲು ಬಂದು, ಸಾರು ಆಮೇಲೆ ಎಲೆಗೆ ಬಂದ ಹಾಗೆ. ಎಲ್ಲಿಯೋ ಕೇಳಿದ್ದೇವಲ್ಲ ಎಂದು ಜನ ಚಡಪಡಿಸುವಾಗ ಪೂರ್ತಿಯಾಗಿ ಕೊಟ್ಟುಬಿಡಬೇಕು. ನಮ್ಮ ತಾಸೆ ಪೆಟ್ಟನ್ನು ನಾನು ಹೀಗೆ ಆರು ವರ್ಷ ನಡೆಸಿದ್ದೇನೆ.

ಕಳೆದ ಚಳಿಗಾಲದಲ್ಲಿ ಮಾತ್ರ ನಾನು ಹಳೆಯದೊಂದನ್ನು ಎತ್ತಿ ಹಾಕಿದ್ದು ಜನರ ಸಲುವಾಗಿ ಅಲ್ಲ. ಒಬ್ಬರ ಬಲಗೈಯ ಸಲುವಾಗಿ.

ನಮ್ಮ ತಂಡದ ಬೇಸ್ ಡ್ರಮ್ ಬಾರಿಸುವವರು ಕಾಕ. ಬ್ಯಾರಿ ಮುಸ್ಲಿಮರು, ನಮ್ಮ ಕರಾವಳಿಯವರೇ. ಇಲ್ಲಿಯ ನಜ್ಮಾ ಬಡಾವಣೆಯ ಒಂದು ಹೊಲಿಗೆ ಅಂಗಡಿಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕೆಲಸ. ನಮ್ಮ ಯೂನಿಫಾರ್ಮ್ ಹೊಲಿದುಕೊಡಲು ಬಂದವರು, ಮೂಲೆಯಲ್ಲಿದ್ದ ಬೇಸ್ ಡ್ರಮ್ಮಿಗೆ ಸುಮ್ಮನೆ ಎರಡು ಪೆಟ್ಟು ಹಾಕಿದರು. ಆ ಎರಡು ಪೆಟ್ಟಿನ ನಡುವಿನ ಅಂತರ ಕೇಳಿಯೇ ನಾನು ಅವರನ್ನು ಬಿಡಲಿಲ್ಲ. ಬೇಸ್ ಡ್ರಮ್ ಎಂದರೆ ನಮಗೆ ನೆಲ ಇದ್ದ ಹಾಗೆ, ಇಪ್ಪತ್ತೊಂದು ಜನರ ಕಾಲು ಅದರ ಮೇಲೆ ಬೀಳಬೇಕು. ಎಂಟು ವರ್ಷ ಕಾಕ ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ಮಾರ್ಚಿನಲ್ಲಿ ಕೆಲಸ ಬಿಟ್ಟು ಊರಿಗೆ ಹೋಗಿಬಿಡುತ್ತೇನೆ, ಇದು ನನ್ನ ಕೊನೆಯ ಶೋ ಎಂದು ಅವರು ಅಕ್ಟೋಬರಿನಲ್ಲೇ ಎಲ್ಲರಿಗೂ ಹೇಳಿದ್ದರು.

ಬೇಸಿಗೆ ಕಳೆದು ಅಭ್ಯಾಸ ಶುರುವಾದಾಗಲೇ ಏನೋ ಸರಿಯಿಲ್ಲ ಅನಿಸಿತು. ಅಲ್ ಥುಮಾಮಾದ ವಿಲ್ಲಾಗಳ ಹಿಂದಿನ ಖಾಲಿ ಜಾಗದಲ್ಲಿ ಶುಕ್ರವಾರ ಬೆಳಗ್ಗೆ ಆರಕ್ಕೆ ಸೇರುತ್ತೇವೆ. ಜುಮ್ಮಾ ನಮಾಜಿಗೆ ಹೋಗುವವರಿಗೆ ಮನೆಗೆ ಹೋಗಿ ಸ್ನಾನ ಮಾಡಲು ಸಮಯ ಬೇಕು, ಹಾಗಾಗಿ ಹತ್ತಕ್ಕೆ ಖಲಾಸ್. ಆ ವರ್ಷ ನಾನು ಬಹಳ ಜಂಬದಿಂದ ಒಂದು ಕಷ್ಟದ ಶುರುವನ್ನು ಕಟ್ಟಿದ್ದೆ. ವೇಗದ ಪೆಟ್ಟುಗಳು, ಬೇಸ್ ಡ್ರಮ್ ಒಂದೊಂದು ಹೆಜ್ಜೆಗೆ ಎರಡೆರಡು ಸಲ ಬೀಳಬೇಕು. ಕಾಕನ ಎರಡನೆಯ ಪೆಟ್ಟು ತಡವಾಗುತ್ತಿತ್ತು. ಒಂದು ಕೂದಲಿನಷ್ಟು. ಆದರೆ ಹಿಂದಿನ ಸಾಲು ಅಷ್ಟಕ್ಕೇ ಮುಗ್ಗರಿಸುತ್ತಿತ್ತು. "ವಿಮಾನದ ಶಬ್ದ," ಎಂದರು ಕಾಕ ಒಮ್ಮೆ. ಹೌದು, ವಿಮಾನ ತಲೆಯ ಮೇಲೆಯೇ ಹೋಗುತ್ತದೆ. ಆದರೆ ಅದು ಎಂಟು ವರ್ಷದಿಂದಲೂ ಹೋಗುತ್ತಿತ್ತು.

ಸೈಡ್ ಡ್ರಮ್ಮಿನ ಸಾಲನ್ನು ನಡೆಸುವ ಹುಡುಗಿ ಮುಐದರ್ ಬಡಾವಣೆಯಲ್ಲಿರುವ ನರ್ಸ್. ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಅವಳು ನನ್ನನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಹೇಳಿದಳು.

"ಅಕ್ಕ, ಕಾಕನ ರೈಟ್ ಹ್ಯಾಂಡ್ ನೋಡಿದ್ರಾ? ಸುಮ್ಮನೆ ನಿಂತಾಗಲೂ ನಡುಗ್ತದೆ. ಅವರು ಆ ಕೈಯನ್ನು ಡ್ರಮ್ಮಿಗೆ ಒತ್ತಿ ಹಿಡಿದುಕೊಳ್ಳುದು ಅದಕ್ಕೆ."

"ಡಾಕ್ಟರಿಗೆ ತೋರಿಸಿದ್ದಾರಂತಾ?"

"ತೋರಿಸಿದ್ದಾರೆ. ಮಾತ್ರೆ ತಗೊಳ್ತಾರೆ. ನಾನು ಕೇಳಿದೆ, ವಯಸ್ಸು ಅಲ್ವಾ ಮಗಾ ಅಂದ್ರು. ಅಕ್ಕ, ಅವರಿಗೆ ಸಿಂಬಲ್ ಕೊಡಿ, ಇಲ್ಲ ಧ್ವಜ ಕೊಡಿ. ನೀವು ಹೇಳುದಿಲ್ಲಾಂದ್ರೆ ನಾನು ಹೇಳ್ತೇನೆ."

"ನೀನು ಎಂತದೂ ಹೇಳ್ಬೇಡ," ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಹೇಳಬೇಕಾದವಳು ನಾನೇ ಎಂದು ನನಗೆ ಗೊತ್ತಿತ್ತು. ಅವಳು ಹೇಳಿದ್ದು ಸರಿ ಎಂದೂ ಗೊತ್ತಿತ್ತು. ಕ್ಲಿನಿಕ್ಕಿನಲ್ಲಿ ಎಂತೆಂಥ ಜಗಳಗಂಟರನ್ನು ಕೂರಿಸಿ ಕಾಯಿಸುವ ನನ್ನ ಬಾಯಿಗೆ ಈ ಒಂದು ಮಾತು ಬರಲಿಲ್ಲ. ಎಂಟು ವರ್ಷ ನಮ್ಮ ಕಾಲಿನ ಕೆಳಗೆ ನೆಲ ಹಾಸಿದವರಿಗೆ, ಇದು ನಿಮ್ಮ ಕೊನೆಯ ಶೋ, ಧ್ವಜ ಹಿಡಿದು ನಿಲ್ಲಿ ಎಂದು ಹೇಗೆ ಹೇಳುವುದು? ಎರಡು ಶುಕ್ರವಾರ ಹಾಗೆಯೇ ಕಳೆದೆ. ಮೂರನೆಯ ವಾರ, ಹೇಳಿಯೇ ಬಿಡುತ್ತೇನೆ ಎಂದು ನಜ್ಮಾಕ್ಕೆ ಹೋದೆ. ನೆಪಕ್ಕೆ, ಅಳತೆ ತಪ್ಪಿದ ಒಂದು ಕೋಟು ಕೈಯಲ್ಲಿತ್ತು.

ಅಂಗಡಿಯಲ್ಲಿ ಕಾಕ ಒಬ್ಬರೇ ಇದ್ದರು. ಸೂಜಿಗೆ ದಾರ ಪೋಣಿಸುತ್ತಿದ್ದರು. ಮೂರು ಸಲ ತಪ್ಪಿತು. ನಾನು ಬಾಗಿಲಲ್ಲೇ ನಿಂತು, ಬೀದಿ ನೋಡುವ ಹಾಗೆ ತಿರುಗಿಕೊಂಡೆ. ಅವರು ಸೂಜಿ ಕೆಳಗಿಟ್ಟು, ನನಗಾಗಿ ಪಕ್ಕದ ಕೆಫೆಟೇರಿಯಾದಿಂದ ಚಾಯ ಹೇಳಿದರು. ಚಾಯ ಬರುವ ತನಕ ಅವರ ಬೆರಳುಗಳು ಕತ್ತರಿಸುವ ಮೇಜಿನ ಮೇಲೆ ಸುಮ್ಮನೆ ತಾಳ ಹಾಕುತ್ತಿದ್ದವು. ಎರಡು ಗಟ್ಟಿ, ಒಂದು ಮೆತ್ತಗೆ, ಮತ್ತೆ ಎರಡು ಗಟ್ಟಿ. ನಾನು ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ, ಆಗ ಕಂಡೆ. ಆ ಕೈ ನಡುಗುತ್ತಿರಲಿಲ್ಲ.

"ಅದು ಎಂತ ಪೆಟ್ಟು ಕಾಕ?"

"ಯಾವುದು?" ಅವರು ತಮ್ಮ ಕೈಯನ್ನು ನೋಡಿಕೊಂಡರು. "ಇದಾ? ಇದು ದಫ್‌ನದ್ದು ತಂಗಿ. ಸಣ್ಣದಿರುವಾಗ ನಾನು ದಫ್ ಟೀಮಿನಲ್ಲಿ ಇದ್ದೆ. ಮದುವೆ ಮನೆಗೆಲ್ಲ ಹೋಗ್ತಿದ್ದೆವು. ನನಗೆ ಗೊತ್ತೇ ಆಗುದಿಲ್ಲ, ಕೈ ಅದರಷ್ಟಕ್ಕೆ ಹೊಡೀತದೆ."

ಚಾಯ ಕುಡಿದೆ, ಕೋಟು ಕೊಟ್ಟೆ, ಹೇಳಬೇಕಾದ್ದನ್ನು ಹೇಳದೆ ಬಂದೆ. ಬಸ್ಸಿನಲ್ಲಿ ಕೂತು, ಕೈಯಲ್ಲಿ ಹಿಡಿದು ಬಡಿಯುವ ಆ ಚರ್ಮದ ವಾದ್ಯದ ತಾಳವನ್ನು ತೊಡೆಯ ಮೇಲೆ ಹಾಕುತ್ತಾ ಬಂದೆ. ಮನೆಗೆ ಬಂದವಳೇ ನನ್ನ ಜಂಬದ ಶುರುವನ್ನು ಹರಿದು ಹಾಕಿದೆ. ಕೊನೆಯ ತಾಸೆಯೊಂದನ್ನು ಬಿಟ್ಟು ಪೂರ್ತಿ ಶೋವನ್ನು ಆ ಒಂದು ದಫ್ ಪೆಟ್ಟಿನಿಂದ ಕಟ್ಟಿದೆ. ಶುರುವಿಗೆ ಅದರ ಎರಡು ಗಟ್ಟಿ ಪೆಟ್ಟು ಮಾತ್ರ, ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ. ವೃತ್ತ ಬಿಚ್ಚುವಾಗ ಅದೇ ಪೆಟ್ಟು ಸೈಡ್ ಡ್ರಮ್ಮುಗಳ ಅಂಚಿನ ಮೇಲೆ. ನಡುವಿನಲ್ಲಿ, ಎಲ್ಲರೂ ಜನರಿಗೆ ಬೆನ್ನು ಹಾಕಿ ನಿಧಾನವಾಗಿ ತಿರುಗುವಾಗ, ಬೇಸ್ ಡ್ರಮ್ಮಿನಲ್ಲಿ ಪೂರ್ತಿ ದಫ್. ವೇಗದ ಕೆಲಸವನ್ನೆಲ್ಲ ಬೇರೆಯವರಿಗೆ ಹಂಚಿದೆ. ಕಾಕನ ಕೈ ಮೊದಲೇ ಬಲ್ಲದ್ದನ್ನು ಬಿಟ್ಟು ಒಂದೇ ಒಂದು ಪೆಟ್ಟನ್ನೂ ಅವರಿಗೆ ಇಡಲಿಲ್ಲ.

ಮುಂದಿನ ಶುಕ್ರವಾರ ಹೊಸ ಪಾಠ ಹಂಚುವಾಗ ನಾನು ಭಾಷಣವನ್ನೇ ಬಿಗಿದೆ. ಈ ಸಲ ನಮ್ಮ ಶೋಗೆ ಥೀಮ್ ಉಂಟು, ಒಂದೇ ತಾಳ ನಾನಾ ರೂಪದಲ್ಲಿ ಬರ್ತದೆ, ದೊಡ್ಡ ದೊಡ್ಡ ಡ್ರಮ್ ಕೋರ್‌ಗಳು ಮಾಡುವುದೇ ಹೀಗೆ ಎಂದೆಲ್ಲ. ಎಲ್ಲರೂ ತಲೆಯಾಡಿಸಿದರು. ನರ್ಸ್ ಹುಡುಗಿ ಮಾತ್ರ ನನ್ನನ್ನೇ ನೋಡುತ್ತಾ ನಿಂತಳು. ಕಾಕ ಕಾಗದದ ಮೇಲೆ ನಾನು ಗೀಚಿದ ಗೆರೆ, ಚುಕ್ಕಿಗಳನ್ನು ಬಹಳ ಹೊತ್ತು ನೋಡಿ ಒಂದು ಷರತ್ತು ಹಾಕಿದರು.

"ಪೆಟ್ಟು ತಗೊಳ್ಳಿ. ಅದರ ಬೈತ್ ಮಾತ್ರ ಯಾರೂ ಹೇಳುದು ಬೇಡ. ಆ ಮಾತು ಅಲ್ಲಿಯದ್ದು, ಅಲ್ಲಿಯೇ ಇರಲಿ."

ಬೈತ್ ಎಂದರೆ ದಫ್‌ನ ಜೊತೆಗೆ ಹಾಡುವ ಸ್ತುತಿ. ಆಗಲಿ ಎಂದೆವು. ಆಮೇಲೆ ಅವರು ನನ್ನನ್ನು ತಿದ್ದಿದರು. ನಾನು ಆ ಪೆಟ್ಟನ್ನು ಸಂದಿಲ್ಲದ ಹಾಗೆ ಬರೆದಿದ್ದೆ. "ಇದರಲ್ಲಿ ಉಸಿರು ಬಿಡ್ಲಿಕ್ಕೆ ಜಾಗ ಇಲ್ಲ ತಂಗಿ. ಮೂರನೇದು ಮೆತ್ತಗೆ ಬಿದ್ದ ಮೇಲೆ ಸ್ವಲ್ಪ ಕಾಯಬೇಕು. ಆಗ ನಾವು ಮುಂದೆ ಬಾಗ್ತೇವೆ. ಬಾಗುದೇ ಚಂದ." ಆ ದಿನ ಇಪ್ಪತ್ತೆರಡು ಜನ ಒಟ್ಟಿಗೆ ಬಾಗಲು ಕಲಿತೆವು. ಮೊದಲ ಸಲ ಸರಿಯಾಗಿ ಬಾಗಿದಾಗ ನನ್ನ ಕಣ್ಣು ತುಂಬಿತು. ಮರಳು ಹಾರಿದ್ದು ಎಂದು ಒರೆಸಿಕೊಂಡೆ.

ಕೆಲಸ ಸಲೀಸಾಗಿ ನಡೆಯಿತು. ಕಾಕನ ಪೆಟ್ಟು ತಡವಾಗಲಿಲ್ಲ. ಇಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ಆದರೆ ಹೆದರುಪುಕ್ಕಿ ನಾನು. ಶೋಗೆ ಎರಡು ವಾರ ಇರುವಾಗ ನರ್ಸ್ ಹುಡುಗಿಯ ಕಿವಿಯಲ್ಲಿ ಹೇಳಿದೆ: ನಡುವಿನ ಭಾಗದಲ್ಲಿ ಕಾಕನ ಪ್ರತಿ ಗಟ್ಟಿ ಪೆಟ್ಟಿನ ಜೊತೆಗೆ ನೀನೂ ಮೆಲ್ಲಗೆ ಹೊಡಿ, ಅವರದ್ದು ತಪ್ಪಿದರೂ ನಿನ್ನದು ಇರುತ್ತದೆ. ಅವಳು ಹೂಂ ಎಂದಳು. ನನಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು, ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಕ್ರೀಡಾದಿನ ಶಾಲೆಯೊಂದರ ಮೈದಾನದಲ್ಲಿ. ಸಂಜೆ ನಾಲ್ಕರ ಹಿತವಾದ ಬಿಸಿಲು. ನಮ್ಮ ಕರಾವಳಿಯ ಜನ ಸಂಸಾರ ಸಮೇತ ತುಂಬಿದ್ದರು. ಶುರುವಿನ ಎರಡು ಪೆಟ್ಟಿಗೆ ಯಾರೂ ತಲೆ ಎತ್ತಲಿಲ್ಲ. ವೃತ್ತ ಬಿಚ್ಚುವಾಗ, ಕೂತವರ ಮುಂದಿನ ಸಾಲಿನ ಹಿರಿಯರೊಬ್ಬರ ಪಾದ ಅಲ್ಲಾಡುವುದನ್ನು ಕಂಡೆ. ಒಗ್ಗರಣೆ ಮೂಗಿಗೆ ಮುಟ್ಟಿತು ಎಂದುಕೊಂಡೆ. ನಡುವಿನಲ್ಲಿ ಕಾಕ ಪೂರ್ತಿ ದಫ್ ಎತ್ತಿದಾಗ ಮೈದಾನಕ್ಕೆ ಮೈದಾನವೇ ಚಪ್ಪಾಳೆಗೆ ಇಳಿಯಿತು. ಮದುವೆ ಮನೆಯಲ್ಲಿ ಕೇಳಿದ ತಾಳ, ಬ್ಯಾರಿಗಳಿಗೂ ಗೊತ್ತು, ಅವರ ನೆರೆಮನೆಯ ತುಳುವರಿಗೂ ಗೊತ್ತು. ನಾನು ಹಿಗ್ಗಿದೆ.

ಎಂಟು ಹೆಜ್ಜೆಯೊಳಗೆ ಹಿಗ್ಗು ಇಳಿಯಿತು. ಮದುವೆ ಮನೆಯಲ್ಲಿ ದಫ್ ಒಂದೇ ವೇಗದಲ್ಲಿ ನಿಲ್ಲುವುದಿಲ್ಲ, ಏರುತ್ತಾ ಏರುತ್ತಾ ಹೋಗುತ್ತದೆ. ನಮ್ಮ ಜನರ ಚಪ್ಪಾಳೆಯೂ ಅವರಿಗೆ ಗೊತ್ತಿದ್ದ ಹಾಗೆ ಏರತೊಡಗಿತು. ಜನರಿಗೆ ಗೊತ್ತಿರುವುದನ್ನು ಕೊಡಬೇಕು ಎಂದು ಎಲ್ಲರಿಗೂ ಪಾಠ ಹೇಳುವ ನಾನು, ಗೊತ್ತಿರುವವರು ಸುಮ್ಮನೆ ಕೂತು ಕೇಳುವುದಿಲ್ಲ ಎಂಬುದನ್ನೇ ಮರೆತಿದ್ದೆ. ಜನರ ಕಡೆ ನಿಂತು ಕೈಯಲ್ಲಿ ತಾಳ ತೋರಿಸುವ ನನಗೆ ತಂಡದವರು ಬೆನ್ನು ಹಾಕಿದ್ದರು, ನನ್ನ ಕೈ ಅವರಿಗೆ ಕಾಣುತ್ತಿರಲಿಲ್ಲ. ಒಬ್ಬೊಬ್ಬರದೇ ಕಾಲು ಚಪ್ಪಾಳೆಯ ಹಿಂದೆ ಓಡಿತು. ಗೆರೆ ಸೊಟ್ಟಗಾಯಿತು. ಕಾವಲಿಗೆಂದು ಇಟ್ಟಿದ್ದ ನರ್ಸ್ ಹುಡುಗಿಯ ಡ್ರಮ್ಮೂ ಚಪ್ಪಾಳೆಯ ಜೊತೆಗೇ ಹೋಯಿತು. ಹಳೆಯ ವೇಗದಲ್ಲಿ ಉಳಿದದ್ದು ಕಾಕ ಒಬ್ಬರೇ, ಮತ್ತು ಈಗ ಕೇಳುವವರಿಗೆ ತಪ್ಪಿದ್ದು ಅವರೇ ಎಂದು ಕಾಣುತ್ತಿತ್ತು.

ಕಾಕ ಬಾರಿಸುವುದನ್ನು ನಿಲ್ಲಿಸಿದರು. ಸಾಲಿನಿಂದ ಒಂದು ಹೆಜ್ಜೆ ಹೊರಗೆ ಬಂದು, ಜನರ ಕಡೆಗೆ ತಿರುಗಿ, ಕೋಲು ಹಿಡಿದ ಬಲಗೈಯನ್ನು ತಲೆಯ ಮೇಲೆ ಎತ್ತಿದರು.

ಕೈ ಸೋತಿತು ಎಂದುಕೊಂಡೆ. ಹಾಗಲ್ಲ. ಅವರ ಕಡೆಯ ದಫ್ ತಂಡದಲ್ಲಿ ಮುಂದಿನವರು ಕೈ ಎತ್ತಿದರೆ ಬಾರಿಸುವವರು, ಚಪ್ಪಾಳೆಯವರು ಎಲ್ಲರೂ ನಿಲ್ಲಬೇಕು, ಆ ಕೈ ಇಳಿದ ಮೇಲೆಯೇ ಮುಂದೆ. ನನಗೆ ಅದು ಗೊತ್ತಿರಲಿಲ್ಲ, ಜನರಿಗೆ ಗೊತ್ತಿತ್ತು. ಚಪ್ಪಾಳೆ ಗಕ್ಕನೆ ನಿಂತಿತು. ಅದರ ಹಿಂದೆ ಓಡುತ್ತಿದ್ದ ನಮ್ಮವರೂ ನಿಂತರು. ಆ ಬಿಳಿ ಉಣ್ಣೆ ಸುತ್ತಿದ ಕೋಲು ಬಿಸಿಲಿನಲ್ಲಿ ನಡುಗುತ್ತಿತ್ತು. ನಾಲ್ಕು ತಿಂಗಳು ಡ್ರಮ್ಮಿಗೆ ಒತ್ತಿ ಬಚ್ಚಿಟ್ಟಿದ್ದ ಕೈ, ಎಲ್ಲರ ಎದುರಿಗೆ, ಎತ್ತರದಲ್ಲಿ. ಅವರು ಅವಸರ ಮಾಡಲಿಲ್ಲ. ನಮ್ಮವರು ಕಣ್ಣಿನಲ್ಲೇ ಸಾಲು ಸರಿ ಮಾಡಿಕೊಳ್ಳುವ ತನಕ ಕಾದರು. ಆಮೇಲೆ ಕೈ ಇಳಿಸಿ, ತಮ್ಮ ನಿಧಾನದಲ್ಲಿ ಎರಡು ಗಟ್ಟಿ ಹೊಡೆದರು, ಒಂದು ಮೆತ್ತಗೆ. ಇಪ್ಪತ್ತೆರಡು ಜನ ಬಾಗಿದೆವು. ಕೂತಿದ್ದವರಲ್ಲಿಯೂ ಬಹಳ ಜನ ಬಾಗಿದರು.

ಶೋ ಮುಗಿಯಿತು, ಕೊನೆಗೆ ತಾಸೆ ಬಂತು, ಸಿಳ್ಳೆ ಬಂತು. ಮೈದಾನದ ಹಿಂದೆ ಕಾಕ ಎಲ್ಲರ ಕೋಟುಗಳನ್ನು ವಾಪಸು ಪಡೆದು ಮಡಚಿ ಚೀಲಕ್ಕೆ ಹಾಕುತ್ತಿದ್ದರು. ನಾನು ಜೊತೆಗೆ ಮಡಚಲು ಕೂತೆ. ಅವರು ನನ್ನ ಮುಖ ನೋಡದೆಯೇ ಮಾತು ತೆಗೆದರು.

"ಗಿರಾಕಿಗೆ ಹೊಟ್ಟೆ ಬಂದ್ರೆ ನಾವು ಹೊಲಿಗೆ ಬಿಚ್ಚಿ ಸ್ವಲ್ಪ ಲೂಸ್ ಮಾಡಿ ಕೊಡ್ತೇವೆ. ನಾವು ಹೇಳುದಿಲ್ಲ, ಅವರೂ ಕೇಳುದಿಲ್ಲ. ನೀನು ಮಾಡಿದ್ದು ಅದೇ. ಕಾಗದ ನೋಡಿದ ಕೂಡ್ಲೇ ಗೊತ್ತಾಯ್ತು ನನಗೆ, ಇದು ನನ್ನ ಅಳತೆದು ಅಂತ."

ನಾನು ಏನೋ ಹೇಳಲು ಹೋದೆ. ಅವರು ಕೋಟಿನ ಗುಂಡಿ ಹಾಕುತ್ತಾ ತಡೆದರು.

"ಅದು ನನಗೆ ಖುಷಿಯೇ. ಆದ್ರೆ ಆ ಹುಡುಗಿ ಹತ್ರ ನನ್ನ ಪೆಟ್ಟನ್ನು ಹಿಂದಿನಿಂದ ಹೊಡಿಲಿಕ್ಕೆ ಹೇಳಿದ್ದು ಬೇಡ ಇತ್ತು ತಂಗಿ. ಎರಡು ವಾರ ನಾನು ಅದನ್ನು ಕೇಳಿಕೊಂಡೇ ಬಾರಿಸಿದೆ."

"ತಪ್ಪಾಯ್ತು ಕಾಕ," ಎಂದೆ. "ನನಗೆ ಹೆದರಿಕೆ ಆಯ್ತು. ನಿಮಗೆ ಅಲ್ಲಿ ಎಲ್ಲರ ಎದುರಿಗೆ ಎಂತಾದರೂ ಆದ್ರೆ ಅಂತ."

"ಆಯ್ತಲ್ಲ. ಎಲ್ಲರೂ ನೋಡಿದ್ರಲ್ಲ." ಅವರು ನಕ್ಕರು. "ಮಾಫಿ ಮುಷ್ಕಿಲ್, ಎಂತ ತೊಂದರೆಯೂ ಇಲ್ಲ. ಕೈ ನನ್ನದೇ, ಕದ್ದದ್ದಲ್ಲ."

ಮುಂದಿನ ವರ್ಷ ಬೇಸ್ ಡ್ರಮ್ಮಿಗೆ ಯಾರು ಎಂದು ಅವರು ಕೇಳಿದರು. ಯಾರೂ ಇಲ್ಲ, ಈ ಪಾಠವನ್ನು ನಾನು ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದೆ.

"ಹಾಗೆಲ್ಲ ಹೇಳ್ಬೇಡ. ಇದನ್ನೇ ಹಾಕು. ಆದ್ರೆ ಡ್ರಮ್ ಕಟ್ಟಿಕೊಳ್ಳುವವನದ್ದು ಅಳತೆ ತೆಗೆದು ಹಾಕು. ನನ್ನದು ಅವನಿಗೆ ಆಗ್ಲಿಕ್ಕಿಲ್ಲ."

ಅವರನ್ನು ನಜ್ಮಾಕ್ಕೆ ಬಿಡಲು ತಂಡದ ಡ್ರೈವರ್ ಪಿಕಪ್ ತಂದು ನಿಲ್ಲಿಸಿದ. ಕೋಟಿನ ಚೀಲಗಳನ್ನು ಹಿಂದೆ ಏರಿಸಿ ಆಯಿತು. ಬಾಗಿಲು ಹಾಕಿಕೊಂಡ ಮೇಲೆ ಕಾಕ ಗಾಜು ಇಳಿಸಿದರು.

"ಹೊಸ ಪಾಠ ಕೊಟ್ಟೆಯಲ್ಲ, ಆ ಶುಕ್ರವಾರ," ಎಂದರು. "ಅವತ್ತು ನಾನು ಬಂದದ್ದು ಬಾರಿಸ್ಲಿಕ್ಕೆ ಅಲ್ಲ. ಕೈ ಆಗುದಿಲ್ಲ, ಬಿಡ್ತೇನೆ ಅಂತ ನಿನ್ನ ಹತ್ರ ಹೇಳಿ ಹೋಗುವ ಅಂತ ಬಂದದ್ದು. ನೀನು ಭಾಷಣ ಮುಗಿಸ್ಲೇ ಇಲ್ಲ."

ಪಿಕಪ್ ಹೊರಟಿತು. ಜೀವಮಾನದಲ್ಲಿ ಮೊದಲ ಸಲ, ನನ್ನ ಬಾಯಿ ದೊಡ್ಡದಾದದ್ದು ಒಳ್ಳೆಯದಾಯಿತು ಎಂದುಕೊಂಡು, ಗೇಟಿನ ಹತ್ತಿರ ನಿಂತು ಮನಸಾರೆ ಅತ್ತೆ.